ಇಳುವರಿಯ ಸುದ್ದಿ ಬಂದಾಗ ರೋಗದ ಲೆಕ್ಕವನ್ನೂ ಕೇಳಬೇಕು

ಅಕ್ಟೋಬರ್ ಚಾಟಣಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದ ಮೇಲೆ ದ್ರಾಕ್ಷಿ ಬೆಳೆಗಾರರ ಮನೆಯಲ್ಲಿ ಎರಡು ಖರ್ಚು ಒಟ್ಟಿಗೇ ಏರುತ್ತವೆ. ಒಂದು ಜಿಎ, ಅಂದರೆ ಜಿಬ್ಬರೆಲಿಕ್ ಆಮ್ಲ. ಗೊಂಚಲು ಉದ್ದವಾಗಲಿ, ಮಣಿ ದಪ್ಪವಾಗಲಿ ಎಂದು ಹಾಕುವುದು. ಇನ್ನೊಂದು ಡೌನಿ ಎಂಬ ಬೂಜು ರೋಗಕ್ಕೆ ಮತ್ತು ಬೂದಿ ರೋಗಕ್ಕೆ ಹೊಡೆಯುವ ಔಷಧ. ಪುಣೆಯ ಮಾಂಜರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರಕ್ಕೆ ವಿಜಯಪುರ, ಅಥಣಿ, ಜತ್ತ ಕಡೆಯಿಂದ ಬರುವ ನಮ್ಮ ರೈತರಿಗೆ ಇವೆರಡೂ ಬೇರೆ ಬೇರೆ ಖಾತೆ. ತಿಕೋಟಾ ಕಡೆಯಿಂದ ಹಡಪಸರದ ನಮ್ಮ ಮನೆಗೆ ಬಂದಿದ್ದ ಸೋದರಮಾವ ಹೇಳಿದ್ದೂ ಅದನ್ನೇ: "ಜಿಎ ಡಬ್ಬಿ ಬ್ಯಾರೆ, ಡೌನಿ ಔಷಧದ ಡಬ್ಬಿ ಬ್ಯಾರೆ. ಎರಡಕ್ಕೂ ಏನ್ ಸಂಬಂಧ ತಮ್ಮಾ?"

ಸಂಬಂಧ ಇದೆ, ಅದೂ ಬಹಳ ಹತ್ತಿರದ್ದು. ಬೆಳವಣಿಗೆ ಮತ್ತು ರೋಗರಕ್ಷಣೆ ಗಿಡದೊಳಗೆ ಒಂದೇ ಅಣುಜಾಲದ ಮೂಲಕ ನಡೆಯುತ್ತವೆ. ಆ ಜಾಲದ ಒಂದು ಎಳೆ ಎಳೆದರೆ ಇನ್ನೊಂದು ಅಲುಗುತ್ತದೆ. ಕಳೆದ ಎರಡೂವರೆ ದಶಕಗಳಲ್ಲಿ ಸಸ್ಯವಿಜ್ಞಾನ ಈ ಜಾಲವನ್ನು ಎಳೆಎಳೆಯಾಗಿ ಬಿಡಿಸಿ ನೋಡಿದೆ. ಜೀನ್ ತಿದ್ದಿದ ಭತ್ತದ ತಳಿಗಳನ್ನು ಸರ್ಕಾರ ಘೋಷಿಸಿರುವ ಈ ಹೊತ್ತಿನಲ್ಲಿ ಆ ತಿಳಿವಳಿಕೆ ಪ್ರಯೋಗಾಲಯದಲ್ಲೇ ಉಳಿಯಬಾರದು.

ಜಿಬ್ಬರೆಲಿನ್ ಪತ್ತೆಯಾದದ್ದೇ ಒಂದು ರೋಗದಿಂದ. ಜಪಾನಿನ ಭತ್ತದ ಗದ್ದೆಗಳಲ್ಲಿ ಕೆಲವು ಸಸಿಗಳು ಉಳಿದವನ್ನು ಮೀರಿ ಉದ್ದವಾಗಿ, ಬಿಳಿಚಿಕೊಂಡು, ಕಾಳು ಕಟ್ಟದೆ ಬಿದ್ದುಹೋಗುತ್ತಿದ್ದವು. ಇದಕ್ಕೆ ಕಾರಣವಾದ ಶಿಲೀಂಧ್ರವನ್ನು ಬೆಳೆಸಿದ ದ್ರವವನ್ನು ಸೋಸಿ, ಶಿಲೀಂಧ್ರವಿಲ್ಲದ ಆ ದ್ರವವನ್ನು ಮಾತ್ರ ಕೊಟ್ಟರೂ ಸಸಿ ಹಾಗೆಯೇ ಉದ್ದವಾಗುತ್ತದೆ ಎಂದು 1926ರಲ್ಲಿ ಸಸ್ಯರೋಗತಜ್ಞ ಕುರೊಸಾವಾ ತೋರಿಸಿದರು. 1935ರಲ್ಲಿ ಯಬುಟಾ ಆ ವಸ್ತುವಿಗೆ ಜಿಬ್ಬರೆಲಿನ್ ಎಂದು ಹೆಸರಿಟ್ಟರು. ಗಿಡಗಳೂ ಅದನ್ನೇ ತಯಾರಿಸುತ್ತವೆ ಎಂದು ಗೊತ್ತಾದದ್ದು ಆಮೇಲೆ. ಅಂದರೆ ಗಿಡವನ್ನು ಮಣಿಸಲು ಒಂದು ರೋಗಾಣು ಕಂಡುಕೊಂಡ ದಾರಿಯೇ ಗಿಡವನ್ನು ಅತಿಯಾಗಿ ಬೆಳೆಸುವುದು. ಥಾಮ್ಸನ್, ಸೋನಾಕ, ಮಾಣಿಕ್ ಚಮನ್‌ನಂಥ ಬೀಜವಿಲ್ಲದ ದ್ರಾಕ್ಷಿಯಲ್ಲಿ ಬೀಜ ಒದಗಿಸಬೇಕಿದ್ದ ಈ ಹಾರ್ಮೋನು ಸಾಲುವುದಿಲ್ಲ. ಅದಕ್ಕೇ ನಾವು ಹೊರಗಿನಿಂದ ಕೊಡುತ್ತೇವೆ.

ರೋಗಾಣು ಬಂದಾಗ ಗಿಡದಲ್ಲಿ ಏನಾಗುತ್ತದೆ? ಪ್ರಾಣಿಗಳಂತೆ ರಕ್ತದಲ್ಲಿ ಓಡಾಡುವ ರಕ್ಷಣಾ ಕೋಶಗಳು ಗಿಡಕ್ಕಿಲ್ಲ. ಪ್ರತಿಯೊಂದು ಕೋಶವೂ ತನ್ನ ಕಾವಲು ತಾನೇ ಕಾಯಬೇಕು. ಕೋಶದ ಹೊರಪೊರೆಯಲ್ಲಿ ಎಫ್‌ಎಲ್‌ಎಸ್2 ಎಂಬ ಗ್ರಾಹಿ ಪ್ರೋಟೀನು ಇರುತ್ತದೆ. ಈಜಲು ಬಳಸುವ ಬಾಲ ಅನೇಕ ಬ್ಯಾಕ್ಟೀರಿಯಾಗಳಿಗಿದೆ. ಆ ಬಾಲದ ಪ್ರೋಟೀನಿನ 22 ಅಮೈನೋ ಆಮ್ಲಗಳ ಒಂದು ತುಣುಕನ್ನು ಎಫ್‌ಎಲ್‌ಎಸ್2 ಗುರುತಿಸುತ್ತದೆ. ಬ್ಯಾಕ್ಟೀರಿಯಾ ಇಲ್ಲದೆ ಈ ತುಣುಕನ್ನಷ್ಟೇ ನೀರಿಗೆ ಬೆರೆಸಿ ಅರಾಬಿಡಾಪ್ಸಿಸ್ ಎಂಬ ಪ್ರಯೋಗಾಲಯದ ಪುಟ್ಟ ಗಿಡದ ಸಸಿಗೆ ಕೊಟ್ಟರೆ ಸಸಿ ಕುಂಠಿತವಾಗುತ್ತದೆ. ಅದನ್ನು ತಿನ್ನಲು, ಹಾಳುಮಾಡಲು ಅಲ್ಲಿ ಯಾರೂ ಇಲ್ಲ. ಬೆಳವಣಿಗೆಯನ್ನು ನಿಲ್ಲಿಸಿದ್ದು ಗಿಡವೇ.

ಇದನ್ನು ವಿವರಿಸಲು ಬಹುಕಾಲ ಎಲ್ಲರೂ ಸಂಬಳದ ಲೆಕ್ಕ ಹೇಳುತ್ತಿದ್ದರು: ತಿಂಗಳ ಸಂಬಳ ಇಷ್ಟೇ, ಆಸ್ಪತ್ರೆಗೆ ಕೊಟ್ಟರೆ ಮನೆ ಕಟ್ಟಲು ಉಳಿಯದು. ಗಿಡಕ್ಕೂ ಬಿಸಿಲಿನಿಂದ ಸಿಗುವ ಸಕ್ಕರೆ ಇಷ್ಟೇ, ರಕ್ಷಣೆಗೆ ಹೋದದ್ದು ಬೆಳವಣಿಗೆಗೆ ಇಲ್ಲ. ಕೇಳಲು ಸರಿಯೆನಿಸುತ್ತದೆ. ಆದರೆ ಅಣುಗಳ ಮಟ್ಟದಲ್ಲಿ ನೋಡಿದವರಿಗೆ ಬೇರೆಯೇ ಚಿತ್ರ ಕಂಡಿತು. ಸಕ್ಕರೆ ಮುಗಿಯುವ ತನಕ ಗಿಡ ಕಾಯುವುದಿಲ್ಲ. ಸಂಕೇತ ಬಂದ ಕೂಡಲೇ ತಾನಾಗಿ ಬೆಳವಣಿಗೆಯನ್ನು ಇಳಿಸುತ್ತದೆ. ಬ್ಯಾಕ್ಟೀರಿಯಾದ ತುಣುಕು ಸಿಕ್ಕಿದ ಮೇಲೆ ಎಂಐಆರ್393 ಎಂಬ ಪುಟ್ಟ ಆರ್‌ಎನ್‌ಎ ಹೆಚ್ಚಾಗಿ, ಆಕ್ಸಿನ್ ಎಂಬ ಬೆಳವಣಿಗೆ ಹಾರ್ಮೋನಿನ ಗ್ರಾಹಿಗಳನ್ನು ಕಡಿಮೆ ಮಾಡುತ್ತದೆ ಎಂದು 2006ರಲ್ಲೇ ಗೊತ್ತಾಯಿತು. ಮರುವರ್ಷ ಇನ್ನೊಂದು ಸಂಗತಿ ಹೊರಬಂತು. ರೋಗ ಗುರುತಿಸುವ ಎಫ್‌ಎಲ್‌ಎಸ್2 ಮತ್ತು ಬ್ರಾಸಿನೊಸ್ಟಿರಾಯ್ಡ್ ಎಂಬ ಬೆಳವಣಿಗೆ ಹಾರ್ಮೋನನ್ನು ಗುರುತಿಸುವ ಬಿಆರ್‌ಐ1, ಎರಡಕ್ಕೂ ಜೊತೆಗಾರ ಪ್ರೋಟೀನು ಒಂದೇ, ಬಿಎಕೆ1. ಹಾಗಾದರೆ ಜೊತೆಗಾರನಿಗಾಗಿ ಎರಡೂ ಪೈಪೋಟಿ ನಡೆಸುತ್ತಿರಬೇಕು ಎಂದು ಮೊದಲು ಅಂದುಕೊಂಡರು. 2013ರ ಸಂಶೋಧನೆ ಅದನ್ನು ತಿದ್ದಿತು. ಬೆಳವಣಿಗೆಯ ಸಂಕೇತ ಒಯ್ಯುವ ಬಿಝಡ್‌ಆರ್1 ಎಂಬ ಪ್ರೋಟೀನು ಕೋಶಕೇಂದ್ರಕ್ಕೆ ಹೋಗಿ ರಕ್ಷಣಾ ಜೀನುಗಳನ್ನೇ ಅಡಗಿಸುತ್ತದೆ ಎಂದು ಅದು ತೋರಿಸಿತು. ಕೊರತೆಯಿಂದ ಆದದ್ದಲ್ಲ, ಗಿಡ ಆರಿಸಿಕೊಂಡದ್ದು.

ಈ ಆಯ್ಕೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಜಾಝ್ ಮತ್ತು ಡೆಲ್ಲಾ ಎಂಬ ಎರಡು ಪ್ರೋಟೀನ್ ಕುಟುಂಬಗಳಲ್ಲಿ. ಮಾವ ಕೇಳಿದ ಪ್ರಶ್ನೆಗೆ ಉತ್ತರ ಇರುವುದೂ ಇಲ್ಲೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಹುಳು ಎಲೆ ಕಡಿದಾಗ, ಅಂಗಾಂಶವನ್ನು ಕೊಂದು ತಿನ್ನುವ ಶಿಲೀಂಧ್ರ ಹತ್ತಿದಾಗ ಗಿಡ ಜಾಸ್ಮೋನೇಟ್ ಎಂಬ ಹಾರ್ಮೋನು ತಯಾರಿಸುತ್ತದೆ. (1962ರಲ್ಲಿ ಇದರ ಒಂದು ರೂಪವನ್ನು ಮೊದಲು ಬೇರ್ಪಡಿಸಿದ್ದು ಮಲ್ಲಿಗೆ ಎಣ್ಣೆಯಿಂದ. ಉಡುಪಿಯ ಶಂಕರಪುರದಿಂದ ಮುಂಬೈಯ ಮಾಟುಂಗಾಕ್ಕೆ ಬರುವ ಮಲ್ಲಿಗೆಯ ಪರಿಮಳಕ್ಕೂ ಗಿಡದ ಈ ಆತ್ಮರಕ್ಷಣೆಗೂ ಇಷ್ಟು ಹತ್ತಿರದ ನಂಟು ಇರುವುದು ನನಗೆ ಇವತ್ತಿಗೂ ಬೆರಗು.) ಏನೂ ಅಪಾಯವಿಲ್ಲದ ಹೊತ್ತಿನಲ್ಲಿ ಜಾಝ್ ಪ್ರೋಟೀನುಗಳು ರಕ್ಷಣಾ ಜೀನುಗಳನ್ನು ಹಿಡಿದಿಟ್ಟಿರುತ್ತವೆ. ಜಾಸ್ಮೋನೇಟ್ ಹೆಚ್ಚಾದಾಗ ಜಾಝ್ ನಾಶವಾಗಿ ಆ ಜೀನುಗಳು ಕೆಲಸಕ್ಕೆ ಇಳಿಯುತ್ತವೆ. ಡೆಲ್ಲಾ ಪ್ರೋಟೀನುಗಳು ಇದೇ ರೀತಿ ಬೆಳವಣಿಗೆಯನ್ನು ಹಿಡಿದಿಡುತ್ತವೆ. ಜಿಬ್ಬರೆಲಿನ್ ಬಂದರೆ ಡೆಲ್ಲಾ ನಾಶವಾಗಿ ಗಿಡ ಬೆಳೆಯುತ್ತದೆ. ಈಗ ಮುಖ್ಯ ಸಂಗತಿ: ಜಾಝ್ ಮತ್ತು ಡೆಲ್ಲಾ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಟಿಕೊಂಡಾಗ ಎರಡೂ ತಮ್ಮ ತಮ್ಮ ಕೆಲಸ ಮಾಡಲಾರವು. ಜಿಬ್ಬರೆಲಿನ್ ಬಂದು ಡೆಲ್ಲಾ ಹೋದರೆ ಜಾಝ್ ಬಿಡುಗಡೆಯಾಗಿ ರಕ್ಷಣೆಯನ್ನು ಇನ್ನಷ್ಟು ಅದುಮುತ್ತದೆ. ಜಾಸ್ಮೋನೇಟ್ ಬಂದು ಜಾಝ್ ಹೋದರೆ ಡೆಲ್ಲಾ ಬಿಡುಗಡೆಯಾಗಿ ಬೆಳವಣಿಗೆಯನ್ನು ತಡೆಯುತ್ತದೆ.

ಇದು ಪುಸ್ತಕದ ಮಾತಲ್ಲ, ಬೆಳೆಯಲ್ಲೂ ಕಂಡದ್ದು. ಜಿಬ್ಬರೆಲಿನ್ನನ್ನು ನಿಷ್ಕ್ರಿಯಗೊಳಿಸಲಾಗದೆ ಕೂಡಿಟ್ಟುಕೊಳ್ಳುವ ಒಂದು ಭತ್ತದ ರೂಪಾಂತರಿ ಇದೆ. ಅದು ಶಿಲೀಂಧ್ರದಿಂದ ಬರುವ ಬೆಂಕಿ ರೋಗಕ್ಕೂ ಬ್ಯಾಕ್ಟೀರಿಯಾದಿಂದ ಬರುವ ದುಂಡಾಣು ಅಂಗಮಾರಿಗೂ ಹೆಚ್ಚು ಸುಲಭವಾಗಿ ತುತ್ತಾಗುತ್ತದೆ. ಹಾಗೆಂದು ಭತ್ತದಲ್ಲಿ ಕಂಡದ್ದನ್ನು ನೇರವಾಗಿ ದ್ರಾಕ್ಷಿಗೆ ಹೇರಿ "ಜಿಎ ಹೊಡೆದರೆ ಡೌನಿ ಬರುತ್ತದೆ" ಎಂದು ಸಾರಬಾರದು. ಡೌನಿಗೆ ಮಳೆ, ಇಬ್ಬನಿ, ಎಲೆ ಒದ್ದೆಯಾಗಿರುವ ಅವಧಿ ಮೊದಲ ಕಾರಣಗಳು. ಜಿಎ ಪ್ರಮಾಣ ನಿರ್ಧರಿಸುವಾಗ ಮಣಿಯ ಗಾತ್ರ ಒಂದನ್ನೇ ನೋಡಬಾರದು ಎಂಬುದಷ್ಟೇ ನನ್ನ ವಾದ. ಪಕ್ಕದ ತೋಟದವನು ಹೊಡೆದ ಎಂದು ಇನ್ನೊಂದು ಸುತ್ತು ಹೊಡೆಯುವುದು ಗಿಡದ ದೃಷ್ಟಿಯಲ್ಲಿ ಬಿಟ್ಟಿ ಅಲ್ಲ.

ಕೊಂಕಣದ ಹಾಪುಸ್ ತೋಟಗಳಲ್ಲಿ ಇದೇ ಹಾರ್ಮೋನನ್ನು ತದ್ವಿರುದ್ಧ ದಿಕ್ಕಿಗೆ ತಿರುಗಿಸುತ್ತಾರೆ. ಮಾವು ವರ್ಷ ಬಿಟ್ಟು ವರ್ಷ ಕಾಯಿ ಬಿಡುವುದನ್ನು ತಪ್ಪಿಸಲು ಮಳೆಗಾಲದಲ್ಲಿ ಮರದ ಬುಡಕ್ಕೆ ಹಾಕುವ ಪ್ಯಾಕ್ಲೋಬ್ಯುಟ್ರಜೋಲ್ ಜಿಬ್ಬರೆಲಿನ್ ತಯಾರಿಯನ್ನು ತಡೆಯುತ್ತದೆ. ಚಿಗುರು ಕುಗ್ಗಿ ಹೂವು ಬರುತ್ತದೆ. ಈ ವಸ್ತು ಟ್ರಯಜೋಲ್ ಗುಂಪಿನದು. ಬೂದಿ ರೋಗಕ್ಕೆ ಹೊಡೆಯುವ ಹೆಕ್ಸಾಕೊನಜೋಲ್, ಟೆಬುಕೊನಜೋಲ್ ಕೂಡ ಅದೇ ಗುಂಪಿನವು. ಶಿಲೀಂಧ್ರನಾಶಕವೆಂದು ಕೊಂಡ ಟ್ರಯಜೋಲ್ ಅತಿಯಾದರೆ ಗಿಣ್ಣುಗಳ ನಡುವಿನ ಅಂತರ ಗಿಡ್ಡವಾಗಿ ಎಲೆ ಕಡುಹಸಿರಾಗುವುದು ಇದರಿಂದಲೇ. ವಾಶಿ ಮಾರುಕಟ್ಟೆಗೆ ಬರುವ ಹಾಪುಸ್ ಪೆಟ್ಟಿಗೆಯ ಹಿಂದೆಯೂ, ಪುಣೆಯ ಗುಲ್ಟೆಕಡಿ ಮಾರ್ಕೆಟ್ ಯಾರ್ಡಿಗೆ ಬರುವ ದ್ರಾಕ್ಷಿ ಪೆಟ್ಟಿಗೆಯ ಹಿಂದೆಯೂ ಈ ಒಂದೇ ಜಾಲವಿದೆ.

ಸಂಬಳದ ಲೆಕ್ಕ ಪೂರ್ತಿ ಸುಳ್ಳೇ? ಅಲ್ಲ, ಮತ್ತು ಇದನ್ನು ಪ್ರಾಮಾಣಿಕವಾಗಿ ಹೇಳಬೇಕು. 2016ರಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಗ್ರೆಗ್ ಹೋವ್ ಅವರ ತಂಡ ಐದು ಜಾಝ್ ಜೀನುಗಳನ್ನು ಕೆಡಿಸಿದ ಗಿಡ ಬೆಳೆಸಿತು. ನಿರೀಕ್ಷೆಯಂತೆ ಗಿಡ ಹುಳುವಿಗೆ ಬಗ್ಗಲಿಲ್ಲ, ಆದರೆ ಕುಳ್ಳಾಯಿತು. ಅದೇ ಗಿಡದಲ್ಲಿ ಬೆಳಕನ್ನು ಗುರುತಿಸುವ ಫೈಟೋಕ್ರೋಮ್ ಬಿ ಎಂಬ ಪ್ರೋಟೀನನ್ನೂ ಕೆಡಿಸಿದಾಗ ಗಿಡ ಚೆನ್ನಾಗಿ ಬೆಳೆಯಿತು, ಹುಳುವನ್ನೂ ತಡೆಯಿತು. ಸಕ್ಕರೆಯ ಆದಾಯ ಹೆಚ್ಚಿಸದೆ ಎರಡೂ ಸಾಧ್ಯವಾದವು. ಹಾಗಾದರೆ ಕುಳ್ಳಾಗಲು ಬಡತನ ಕಾರಣವಲ್ಲ, ಸಂಕೇತ ಕಾರಣ. ಆದರೆ ಎರಡು ವರ್ಷಗಳ ನಂತರ ಅದೇ ತಂಡ ಹತ್ತು ಜಾಝ್ ಜೀನುಗಳನ್ನು ಕೆಡಿಸಿ ನೋಡಿತು. ಈ ಸಲ ಗಿಡ ನಿಜಕ್ಕೂ ಇಂಗಾಲದ ಹಸಿವಿನಿಂದ ಸೊರಗಿ ಬೀಜವನ್ನೂ ಸರಿಯಾಗಿ ಕಟ್ಟಲಿಲ್ಲ. ರಕ್ಷಣೆಯನ್ನು ಒಂದು ಮಟ್ಟದವರೆಗೆ ಏರಿಸಿದಾಗ ಸಂಕೇತಗಳ ಮರುಜೋಡಣೆ ಸಾಕಾಗುತ್ತದೆ, ಅದನ್ನು ಮೀರಿದರೆ ಖರ್ಚು ನಿಜವೇ. "ಎರಡೂ ಸಿಗುತ್ತವೆ" ಎಂದು ಮಾರುವವರು ಮೊದಲ ಪ್ರಯೋಗವನ್ನು ಮಾತ್ರ ಹೇಳುತ್ತಾರೆ. ಎರಡನ್ನೂ ಹೇಳಬೇಕು.

ಖರ್ಚು ಎಷ್ಟು ಎಂಬುದಕ್ಕೆ ಹೊಲದಲ್ಲೇ ಅಳೆದ ಒಂದು ಲೆಕ್ಕ 2003ರದು. ಅರಾಬಿಡಾಪ್ಸಿಸ್‌ನಲ್ಲಿ ಆರ್‌ಪಿಎಂ1 ಎಂಬ ಒಂದೇ ಒಂದು ರೋಗನಿರೋಧಕ ಜೀನು ಇರುವ ಮತ್ತು ಇಲ್ಲದ ಗಿಡಗಳನ್ನು, ಉಳಿದದ್ದೆಲ್ಲ ಸಮವಾಗಿರುವಂತೆ, ಅಕ್ಕಪಕ್ಕ ಬೆಳೆಸಿ ಹೋಲಿಸಿದರು. ಜೀನು ಇರುವ ಗಿಡಗಳು ಶೇಕಡಾ 9ರಷ್ಟು ಕಡಿಮೆ ಬೀಜ ಕೊಟ್ಟವು. ರೈತನಿಗೆ ಶೇಕಡಾ 9 ಎಂದರೆ ಕೆಲವು ವರ್ಷ ಲಾಭವೂ ಅಷ್ಟೇ ಇರುತ್ತದೆ. ಪ್ರಕೃತಿಯಲ್ಲಿ ಈ ಜೀನು ಇರುವ ಗಿಡಗಳೂ ಇಲ್ಲದ ಗಿಡಗಳೂ ಬಹುಕಾಲದಿಂದ ಜೊತೆಯಲ್ಲೇ ಉಳಿದುಬಂದಿರುವುದಕ್ಕೆ ಇದೇ ಕಾರಣವೆಂದು ಸಂಶೋಧಕರು ವಿವರಿಸಿದರು. ರೋಗ ಬಂದ ವರ್ಷ ಒಂದಕ್ಕೆ ಲಾಭ, ಬಾರದ ವರ್ಷ ಇನ್ನೊಂದಕ್ಕೆ.

ಇದೇ ಕಾರಣಕ್ಕೆ "ಗಿಡದ ರೋಗನಿರೋಧಕ ಶಕ್ತಿ ಹೆಚ್ಚಿಸುವ" ಸಿಂಪಡಣೆಗಳ ಬಗ್ಗೆ ನನಗೆ ಎಚ್ಚರವಿದೆ. ಅಂಗಡಿಗಳಲ್ಲಿ ಇಂಥ ಬಾಟಲಿಗಳು ಈಗ ಸಾಲುಸಾಲು. ಸ್ಯಾಲಿಸಿಲಿಕ್ ಆಮ್ಲ ಗಿಡದ ನಿಜವಾದ ರಕ್ಷಣಾ ಹಾರ್ಮೋನು, ಅದರಲ್ಲಿ ಅನುಮಾನವಿಲ್ಲ. ಅದರದೇ ಹತ್ತಿರದ ರೂಪವಾದ ಆಸ್ಪಿರಿನ್ ಕೊಟ್ಟ ತಂಬಾಕು ಗಿಡ ಮೊಸಾಯಿಕ್ ವೈರಸ್ಸನ್ನು ತಡೆದುಕೊಂಡದ್ದನ್ನು ರೇಮಂಡ್ ವೈಟ್ 1979ರಲ್ಲೇ ವರದಿ ಮಾಡಿದ್ದರು. ಆದರೆ ಅದೇ ದಾರಿಯನ್ನು ಕೃತಕವಾಗಿ ಎಚ್ಚರಿಸುವ ಬಿಟಿಎಚ್ ಎಂಬ ರಾಸಾಯನಿಕವನ್ನು ರೋಗವಿಲ್ಲದ ಗೋಧಿಗೆ ಹೊಡೆದು ನೋಡಿದಾಗ ಬೆಳವಣಿಗೆಯೂ ಕಾಳೂ ಕಡಿಮೆಯಾದವು. ರೋಗದ ಒತ್ತಡ ಇರುವಾಗ ಈ ಬೆಲೆ ತೆರಬಹುದು. ಇಲ್ಲದಿರುವಾಗ ವಾರಕ್ಕೊಮ್ಮೆ ರೂಢಿಯಂತೆ ಹೊಡೆಯುವುದು ರೈತನ ದುಡ್ಡನ್ನೂ ಗಿಡದ ಬೆಳವಣಿಗೆಯನ್ನೂ ಒಟ್ಟಿಗೆ ಕಳೆಯುವ ಕೆಲಸ.

ಇನ್ನು ಬೆಳಕು. ಗಿಡ ತನ್ನ ಮೇಲೆ ಬೀಳುವ ಕೆಂಪು ಬೆಳಕಿಗೂ ಅದಕ್ಕಿಂತ ಉದ್ದ ತರಂಗದ ದೂರಕೆಂಪು ಬೆಳಕಿಗೂ ಇರುವ ಅನುಪಾತವನ್ನು ಫೈಟೋಕ್ರೋಮ್ ಬಿ ಮೂಲಕ ಅಳೆಯುತ್ತದೆ. ಪಕ್ಕದ ಎಲೆಗಳು ಕೆಂಪನ್ನು ಹೀರಿ ದೂರಕೆಂಪನ್ನು ಬಿಡುವುದರಿಂದ ಆ ಅನುಪಾತ ಇಳಿದರೆ ಗಿಡಕ್ಕೆ ನೆರಳಿನ ಸುಳಿವು ಸಿಗುತ್ತದೆ. ಆಗ ಅದು ಉದ್ದಕ್ಕೆ ಚಾಚಿಕೊಳ್ಳುತ್ತದೆ, ಜಾಸ್ಮೋನೇಟ್ ಮತ್ತು ಸ್ಯಾಲಿಸಿಲಿಕ್ ಆಮ್ಲದ ರಕ್ಷಣೆಗಳನ್ನು ಎರಡನ್ನೂ ಇಳಿಸುತ್ತದೆ. ದಟ್ಟವಾಗಿ ನೆಟ್ಟ ಬೆಳೆಯಲ್ಲಿ, ಕುಡಿ ವಿರಳ ಮಾಡದ ಚಪ್ಪರದಲ್ಲಿ ರೋಗ ಹೆಚ್ಚುವುದಕ್ಕೆ ಗಾಳಿಯಾಡದ ತೇವ ಒಂದು ಕಾರಣವಾದರೆ, ಇದು ಇನ್ನೊಂದು. ಬೆಳವಣಿಗೆ ಅತಿಯಾದಲ್ಲಿ ರೋಗವೂ ಹೆಚ್ಚುವುದು ಹೊಸ ಸಂಗತಿಯೇನಲ್ಲ: ಯೂರಿಯಾ ಹೆಚ್ಚು ಸುರಿದ ಗದ್ದೆಯಲ್ಲಿ ಬೆಂಕಿ ರೋಗ ಜೋರಾಗುವುದು ರೈತರಿಗೆ ತಲೆಮಾರಿನಿಂದ ಗೊತ್ತಿರುವ ಮಾತು.

ಸೆಖೆಯ ಸಂಗತಿ ಇದಕ್ಕಿಂತ ಕಳವಳದ್ದು. ಅರಾಬಿಡಾಪ್ಸಿಸ್‌ನಲ್ಲಿ ಉಷ್ಣಾಂಶ 28 ಡಿಗ್ರಿಗೆ ಏರಿದರೆ ಸ್ಯಾಲಿಸಿಲಿಕ್ ಆಮ್ಲದ ತಯಾರಿ ಕುಸಿಯುತ್ತದೆ. ಡ್ಯೂಕ್ ವಿಶ್ವವಿದ್ಯಾಲಯದ ಶೆಂಗ್ ಯಾಂಗ್ ಹೆ ಅವರ ತಂಡ 2022ರಲ್ಲಿ ಇದರ ಮೂಲ ಹುಡುಕಿತು. ಸಿಬಿಪಿ60ಜಿ ಎಂಬ ನಿಯಂತ್ರಕ ಜೀನು ಸೆಖೆಯಲ್ಲಿ ಮಂಕಾಗುತ್ತದೆ. ಅದೊಂದನ್ನು ಸೆಖೆಯಲ್ಲೂ ಎಚ್ಚರವಾಗಿಟ್ಟರೆ ರಕ್ಷಣೆ ಮರಳಿತು, ಬೆಳವಣಿಗೆಯೂ ಕುಂದಲಿಲ್ಲ. ನಮ್ಮ ಬೆಳೆಗಳು ಉಷ್ಣ ಪ್ರದೇಶಕ್ಕೆ ಒಗ್ಗಿದವು, ಅವುಗಳ ಮಿತಿ ಬೇರೆ ಇರುತ್ತದೆ. ಆದರೂ ನಾರಾಯಣಗಾವದ ಟೊಮೆಟೊ ಬೆಳೆಗಾರನಿಗೆ ಸೆಖೆ ಎಂದರೆ ಬರೀ ನೀರಿನ ಚಿಂತೆಯಲ್ಲ, ರೋಗದ ಚಿಂತೆಯೂ ಹೌದು.

ಹಸಿರು ಕ್ರಾಂತಿ ಕೂಡ ಇದೇ ಜಾಲಕ್ಕೆ ಕೈ ಹಾಕಿತ್ತು, ಆಗ ಯಾರಿಗೂ ಗೊತ್ತಿರಲಿಲ್ಲ ಅಷ್ಟೇ. ಗೋಧಿಯ ಕುಳ್ಳ ತಳಿಗಳಲ್ಲಿ ಇರುವುದು ಜಿಬ್ಬರೆಲಿನ್‌ಗೆ ಬಗ್ಗದ, ಬದಲಾದ ಡೆಲ್ಲಾ ಎಂದು 1999ರಲ್ಲಿ ತಿಳಿಯಿತು. ಕುಳ್ಳ ಭತ್ತದಲ್ಲಿ ಕೆಟ್ಟಿರುವುದು ಜಿಬ್ಬರೆಲಿನ್ ತಯಾರಿಸುವ ಜೀನು ಎಂದು 2002ರಲ್ಲಿ ತಿಳಿಯಿತು. ಇದರ ಪರಿಣಾಮ ರೋಗದ ಮೇಲೆ ಒಂದೇ ದಿಕ್ಕಿನದಲ್ಲ. ಭತ್ತದಲ್ಲಿ ಡೆಲ್ಲಾ ಹೆಚ್ಚಿದ್ದರೆ ಬೆಂಕಿ ರೋಗಕ್ಕೆ ಪ್ರತಿರೋಧ ಹೆಚ್ಚು. ಗೋಧಿಯಲ್ಲಿ ಅದೇ ಕುಳ್ಳ ಜೀನು ತೆನೆಗೆ ಹತ್ತುವ ಫ್ಯುಸೇರಿಯಂ ಶಿಲೀಂಧ್ರಕ್ಕೆ ದಾರಿ ಸುಲಭ ಮಾಡುತ್ತದೆ. ಜೀವಂತ ಕೋಶದಿಂದ ಹೀರುವ ರೋಗಾಣುವಿಗೆ ಒಂದು ಬಗೆಯ ರಕ್ಷಣೆ, ಕೊಂದು ತಿನ್ನುವ ರೋಗಾಣುವಿಗೆ ಇನ್ನೊಂದು ಬಗೆ. ಅನೇಕ ಸಲ ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಹಾಗಾಗಿ "ರೋಗನಿರೋಧಕ ತಳಿ" ಎಂದು ಯಾರಾದರೂ ಹೇಳಿದರೆ "ಯಾವ ರೋಗಕ್ಕೆ?" ಎಂದು ಕೇಳದೆ ಮುಂದೆ ಹೋಗಬಾರದು.

ಈಗ ಹೊಸ ಭತ್ತಕ್ಕೆ ಬರೋಣ. 2025ರ ಮೇ 4ರಂದು ಕೇಂದ್ರ ಕೃಷಿ ಸಚಿವರು ಜೀನೋಮ್ ತಿದ್ದಿದ ಎರಡು ಭತ್ತದ ತಳಿಗಳನ್ನು ಘೋಷಿಸಿದರು. ಒಂದು ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯ ಡಿಆರ್‌ಆರ್ ಧಾನ್ 100, ಕಮಲಾ ಎಂದು ಕರೆಯುವುದು. ಇನ್ನೊಂದು ದೆಹಲಿಯಲ್ಲಿ ತಯಾರಾದ ಪೂಸಾ ಡಿಎಸ್‌ಟಿ ರೈಸ್ 1. ಕಮಲಾ ಬಂದದ್ದು ಸಾಂಬಾ ಮಸೂರಿಯಿಂದ. ಸೈಟೊಕೈನಿನ್ ಎಂಬ ಬೆಳವಣಿಗೆ ಹಾರ್ಮೋನನ್ನು ಒಡೆಯುವ ಸಿಕೆಎಕ್ಸ್2 ಜೀನನ್ನು ಅದರಲ್ಲಿ ಕೆಡಿಸಿದ್ದಾರೆ. ಹಾರ್ಮೋನು ಉಳಿದು ತೆನೆಯಲ್ಲಿ ಕಾಳು ಹೆಚ್ಚುತ್ತದೆ. ಕರ್ನಾಟಕ, ಮಹಾರಾಷ್ಟ್ರ ಎರಡೂ ಶಿಫಾರಸಿನ ಪಟ್ಟಿಯಲ್ಲಿವೆ. ಹೊರಗಿನ ಜೀನು ಸೇರಿಸದ ಇಂಥ ತಿದ್ದುಪಡಿಗಳಿಗೆ ಜೀನಾಂತರಿ ಬೆಳೆಗಳ ಕಠಿಣ ನಿಯಮಗಳಿಂದ 2022ರ ಮಾರ್ಚ್‌ನಲ್ಲೇ ವಿನಾಯಿತಿ ಸಿಕ್ಕಿದೆ.

ಪರ ವಿರೋಧದ ವಾದವೆಲ್ಲ ಸುರಕ್ಷತೆ, ಪೇಟೆಂಟು, ಇಳುವರಿಯ ಸುತ್ತಲೇ ನಡೆಯಿತು. ನನಗೆ ಮುಖ್ಯವಾಗಿ ಕಾಣುವ ಪ್ರಶ್ನೆ ಬೇರೆ. ಬೆಳವಣಿಗೆಯ ಹಾರ್ಮೋನನ್ನು ಸದಾ ಏರಿಸಿಟ್ಟ ತಳಿಯಲ್ಲಿ ರಕ್ಷಣೆಗೆ ಏನಾಯಿತು? ಸೈಟೊಕೈನಿನ್ ಭತ್ತದಲ್ಲಿ ಸ್ಯಾಲಿಸಿಲಿಕ್ ಆಮ್ಲದ ಜೊತೆಗೂಡಿ ರಕ್ಷಣೆಯನ್ನು ಬಲಪಡಿಸುವುದೂ ಉಂಟು. ಆದ್ದರಿಂದ ಉತ್ತರ ಒಳ್ಳೆಯದೇ ಇರಬಹುದು. ಆದರೆ ಅದು ಊಹೆಯಲ್ಲಿ ಉಳಿಯಬಾರದು. ಬೆಂಕಿ ರೋಗ, ದುಂಡಾಣು ಅಂಗಮಾರಿ, ಎಲೆಕವಚ ಕೊಳೆ ಇವುಗಳ ಒತ್ತಡವಿರುವ ಗದ್ದೆಗಳಲ್ಲಿ ಮೂಲ ತಳಿಯ ಪಕ್ಕ ಬೆಳೆಸಿದ ಅಂಕಿಗಳು, ಇಳುವರಿಯ ಅಂಕಿಗಳಷ್ಟೇ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ರೈತನ ಕೈಗೆ ಬರಬೇಕು.

ಸಾಂಬಾ ಮಸೂರಿಯ ಚರಿತ್ರೆಯೇ ಇದಕ್ಕೆ ಕಾರಣ ಕೊಡುತ್ತದೆ. ಅನ್ನಕ್ಕೆ ಅಷ್ಟು ಪ್ರಿಯವಾದ ಈ ತಳಿ ದುಂಡಾಣು ಅಂಗಮಾರಿಗೆ ಸುಲಭದ ತುತ್ತು. ಹೈದರಾಬಾದಿನ ಭತ್ತ ಸಂಸ್ಥೆ ಮತ್ತು ಅಲ್ಲಿನ ಜೀವಕೋಶ ಸಂಶೋಧನಾ ಕೇಂದ್ರ ಸಿಸಿಎಂಬಿ ಸೇರಿ ಎಕ್ಸ್‌ಎ21, ಎಕ್ಸ್‌ಎ13, ಎಕ್ಸ್‌ಎ5 ಎಂಬ ಮೂರು ನಿರೋಧಕ ಜೀನುಗಳನ್ನು ಸಾಂಪ್ರದಾಯಿಕ ಸಂಕರಣದಿಂದಲೇ ಸೇರಿಸಿ 2008ರಲ್ಲಿ ಸುಧಾರಿತ ಸಾಂಬಾ ಮಸೂರಿಯನ್ನು ಬಿಡುಗಡೆ ಮಾಡಿದವು. ಇವುಗಳಲ್ಲಿ ಎಕ್ಸ್‌ಎ13 ಬಹಳ ಕಲಿಸುತ್ತದೆ. ಅದರ ಮೂಲ ರೂಪ ಕೋಶದಿಂದ ಸಕ್ಕರೆಯನ್ನು ಹೊರಗೆ ಸಾಗಿಸುವ ಪ್ರೋಟೀನು, ಪರಾಗ ಬೆಳೆಯಲು ಬೇಕೇ ಬೇಕು. ಬ್ಯಾಕ್ಟೀರಿಯಾ ತನ್ನದೊಂದು ಪ್ರೋಟೀನನ್ನು ಗಿಡದ ಕೋಶಕ್ಕೆ ತೂರಿಸಿ ಈ ಜೀನಿನ ಆರಂಭದ ಭಾಗಕ್ಕೆ ಅಂಟಿಸುತ್ತದೆ. ಎಲೆಯಲ್ಲಿ ಅಕಾಲದಲ್ಲಿ ಜೀನು ಎಚ್ಚರಗೊಂಡು ಸಕ್ಕರೆ ಬ್ಯಾಕ್ಟೀರಿಯಾಕ್ಕೆ ಹರಿಯುತ್ತದೆ. ಜೀನನ್ನೇ ತೆಗೆದುಹಾಕಿದರೆ ರೋಗವೂ ಹೋಗುತ್ತದೆ, ಕಾಳೂ ಹೋಗುತ್ತದೆ. ನಿರೋಧಕ ಭತ್ತದಲ್ಲಿ ಬದಲಾಗಿರುವುದು ಬ್ಯಾಕ್ಟೀರಿಯಾ ಅಂಟುವ ಆ ಆರಂಭದ ತುಣುಕು ಮಾತ್ರ. ಪರಾಗಕ್ಕೆ ಸಕ್ಕರೆ ಸಿಗುತ್ತದೆ, ಬ್ಯಾಕ್ಟೀರಿಯಾಕ್ಕೆ ಸಿಗುವುದಿಲ್ಲ. 2019ರಲ್ಲಿ ಐಆರ್64 ಸೇರಿದಂತೆ ಕೆಲವು ತಳಿಗಳಲ್ಲಿ ಇಂಥ ಮೂರು ಸಕ್ಕರೆ ಜೀನುಗಳ ಆರಂಭದ ತುಣುಕುಗಳನ್ನು ಜೀನ್ ತಿದ್ದುಪಡಿಯಿಂದಲೇ ಬದಲಿಸಿ ವಿಸ್ತಾರವಾದ ಪ್ರತಿರೋಧ ತೋರಿಸಿದರು. ಜೀನ್ ತಿದ್ದುಪಡಿಯ ಹಣವನ್ನು ನಾನು ಹಂಚುವಂತಿದ್ದರೆ ಮೊದಲ ಪಾಲು ಇಂಥದಕ್ಕೇ ಕೊಡುತ್ತಿದ್ದೆ.

ರಕ್ಷಣೆಯನ್ನು ಸದಾ ಏರಿಸಿಡುವ ಬದಲು ಬೇಕಾದಾಗ, ಬೇಕಾದಲ್ಲಿ ಮಾತ್ರ ಏರಿಸುವ ಇನ್ನೂ ಮೂರು ದಾರಿಗಳು ಭತ್ತದಲ್ಲಿ ಸಿಕ್ಕಿವೆ. 2017ರಲ್ಲಿ ಸಸ್ಯವಿಜ್ಞಾನಿ ಕ್ಸಿನ್ನಿಯನ್ ಡಾಂಗ್ ಅವರ ತಂಡ ಎನ್‌ಪಿಆರ್1 ಎಂಬ ಪ್ರಬಲ ರಕ್ಷಣಾ ಪ್ರೋಟೀನಿನ ತಯಾರಿಯನ್ನು ಆರ್‌ಎನ್‌ಎ ಮಟ್ಟದಲ್ಲೇ ತಡೆದಿಟ್ಟು, ರೋಗಾಣು ಬಂದಾಗ ಮಾತ್ರ ತಡೆ ಸಡಿಲವಾಗುವಂತೆ ಮಾಡಿತು. ಹೊಲದಲ್ಲಿ ಇಳುವರಿ ಕುಂದಲಿಲ್ಲ. ಅದೇ ವರ್ಷ ಚೀನಾದಲ್ಲಿ ಪಿಗ್ಮ್ ಎಂಬ ಜೀನ್ ಗುಂಪಿನ ಗುಟ್ಟು ಬಯಲಾಯಿತು. ಅದರ ಒಂದು ಪ್ರೋಟೀನು ಬೆಂಕಿ ರೋಗವನ್ನು ತಡೆದು ಕಾಳಿನ ತೂಕ ಇಳಿಸುತ್ತದೆ, ಮುಖ್ಯವಾಗಿ ಪರಾಗದಲ್ಲಿ ತಯಾರಾಗುವ ಇನ್ನೊಂದು ಆ ನಷ್ಟವನ್ನು ತುಂಬಿಕೊಡುತ್ತದೆ. 2018ರಲ್ಲಿ ಐಪಿಎ1. ತೆನೆ ದೊಡ್ಡದಾಗಿಸುವ ಈ ಪ್ರೋಟೀನಿಗೆ ಬೆಂಕಿ ರೋಗ ತಗುಲಿದ ಕೂಡಲೇ ಒಂದು ಫಾಸ್ಫೇಟ್ ಅಂಟಿ ಅದು ರಕ್ಷಣಾ ಜೀನಿನ ಕಡೆ ತಿರುಗುತ್ತದೆ, 48 ಗಂಟೆಯೊಳಗೆ ಮತ್ತೆ ಇಳುವರಿಯ ಕೆಲಸಕ್ಕೆ ಮರಳುತ್ತದೆ. ಕಾನೂನಿನ ಕಣ್ಣಲ್ಲಿ ಇವೆಲ್ಲ ಒಂದೇ ಅಲ್ಲ. ಮೊದಲನೆಯದಕ್ಕೆ ಬೇರೆ ಗಿಡದ ಜೀನು ಬೇಕಾಗಿದ್ದರಿಂದ ನಮ್ಮಲ್ಲಿ ಅದು ಜೀನಾಂತರಿ ಬೆಳೆಯೇ, ಪೂರ್ಣ ಪರಿಶೀಲನೆ ಬೇಕು. ಪಿಗ್ಮ್ ಜೀನುಗಳನ್ನು ಮಾಮೂಲಿ ಸಂಕರಣದಿಂದಲೇ ತರಬಹುದು, ಜೀನಾಂತರಿ ಬೆಳೆಯ ಅಪ್ಪಣೆಗೆ ಕಾಯಬೇಕಿಲ್ಲ.

ಮಾಂಜರಿಗೆ ಹೋಗುವ ರೈತರು ಮುಂದಿನ ಸಲ ತಜ್ಞರ ಮುಂದೆ ಇಡಬಹುದಾದ ಕೆಲವು ಪ್ರಶ್ನೆಗಳನ್ನು ನಾನು ಮಾವನಿಗೆ ಬರೆದುಕೊಟ್ಟೆ. ಹೊಸ ತಳಿಯ ಇಳುವರಿ ಪ್ರಯೋಗ ನಡೆದದ್ದು ಔಷಧ ಹೊಡೆದ ತಾಕಿನಲ್ಲೋ, ಹೊಡೆಯದ ತಾಕಿನಲ್ಲೋ? ಡೌನಿ ಜೋರಿದ್ದ ವರ್ಷದ ಅಂಕಿ ಅದರಲ್ಲಿ ಸೇರಿದೆಯೇ? ಜಿಎಯ ಎಷ್ಟು ಸುತ್ತಿನ ನಂತರ ಮಣಿಯ ಗಾತ್ರ ಹೆಚ್ಚುವುದು ನಿಂತಿತು, ಅದರ ಮೇಲಿನ ಸುತ್ತು ಯಾತಕ್ಕೆ? ರೋಗದ ಮುನ್ಸೂಚನೆ ಇಲ್ಲದ ವಾರದಲ್ಲಿ "ಶಕ್ತಿವರ್ಧಕ" ಬಿಟ್ಟ ಸಾಲಿಗೂ ಹೊಡೆದ ಸಾಲಿಗೂ ಗೊಂಚಲಿನ ತೂಕದಲ್ಲಿ ವ್ಯತ್ಯಾಸವೆಷ್ಟು? ಕೊನೆಯದಕ್ಕೆ ಯಾರ ಉತ್ತರವನ್ನೂ ಕಾಯಬೇಕಿಲ್ಲ. ತೋಟದ ಎರಡು ಸಾಲನ್ನು ಗುರುತು ಹಾಕಿ ಬಿಟ್ಟು, ಕಟಾವಿನ ದಿನ ಬೇರೆಯಾಗಿ ತೂಗಿದರೆ ಸಾಕು.